ಇಷ್ಟವಿಯೋಗವೂ ಪಾದಯಾತ್ರೆಯೂ

ಇಷ್ಟಜನರ ಅಗಲಿಕೆಯಿಂದ ಹುಟ್ಟುವ ಎಡೆಬಿಡದ ಚಿಂತೆಯನ್ನು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಒಂದೆಂದು ಎಣಿಸಿದೆ. ಆದರೂ ಮಗನನ್ನು ಕಳೆದುಕೊಂಡ ತಂದೆ, ಪತಿಯನ್ನು ಕಳೆದುಕೊಂಡ ಗೃಹಿಣಿ, ಅಗಲಿದವರ ನೆನಪಿನಲ್ಲಿ ದೂರದ ಕ್ಷೇತ್ರಕ್ಕೆ ಒಬ್ಬರೇ ನಡೆದು ಹೋಗುವುದಾಗಿ ಸಂಕಲ್ಪಿಸುವುದುಂಟು. ಇಂಥ ನಡಿಗೆಯು ವ್ರತವೋ, ಆರ್ತಧ್ಯಾನವೋ, ಅಥವಾ ಲೋಕಮೂಢತೆಯೋ? ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟುಬಿಡುವವರು ದುಃಖವನ್ನು ಹತ್ತಿರದಿಂದ ಕಂಡವರಲ್ಲ. ಇದನ್ನು ವಿಚಾರಿಸುವ ಮೊದಲು ಪರದೇಶದ ಒಂದು ಪದ್ಧತಿಯನ್ನು ತಿಳಿಯುವುದು ಉಪಯುಕ್ತ.

ಜಪಾನಿನ ನಾಲ್ಕು ಪ್ರಧಾನ ದ್ವೀಪಗಳಲ್ಲಿ ಅತಿ ಚಿಕ್ಕದು ಶಿಕೊಕು. ಬೌದ್ಧರ ಶಿಂಗೋನ್ ಪಂಥವನ್ನು ಸ್ಥಾಪಿಸಿದ ಕೂಕೈ (774-835) ಹುಟ್ಟಿದ್ದು ಅಲ್ಲಿಯೇ. ಕೋಬೊ ದೈಶಿ ಎಂಬ ಹೆಸರಿನಿಂದ ಪೂಜಿತನಾದ ಆತನ ಸ್ಮರಣೆಯಲ್ಲಿ ದ್ವೀಪವನ್ನು ಬಳಸಿ 88 ದೇವಾಲಯಗಳ ಯಾತ್ರಾಪಥವಿದೆ. ಸುತ್ತಳತೆ ಸುಮಾರು 1200 ಕಿಲೋಮೀಟರು; ನಡೆದು ಮುಗಿಸಲು ಆರೇಳು ವಾರ ಬೇಕು. ಈಗ ಬಹುಮಂದಿ ಬಸ್ಸು ಕಾರುಗಳಲ್ಲಿ ಸುತ್ತುತ್ತಾರೆ. ಆದರೂ ತೀರಿಹೋದವರ ಭಾವಚಿತ್ರವನ್ನು ಚೀಲದಲ್ಲಿಟ್ಟುಕೊಂಡು ಒಬ್ಬರೇ ನಡೆಯುವವರು ಇದ್ದಾರೆ.

ಆ ಯಾತ್ರಿಕನ ವೇಷವನ್ನು ಶ್ರಾವಕರು ಗಮನಿಸಬೇಕು. ಅವನು ಉಡುವ ಬಿಳಿಯ ಬಟ್ಟೆ ಶವಕ್ಕೆ ತೊಡಿಸುವ ಬಟ್ಟೆಯ ಬಣ್ಣದ್ದು. ಕೈಯಲ್ಲಿನ ಕೋಲು ಹಿಂದಿನ ಕಾಲದಲ್ಲಿ, ಅವನು ದಾರಿಯಲ್ಲಿ ಸತ್ತರೆ, ಅವನ ಗೋರಿಯ ಗುರುತಾಗುತ್ತಿತ್ತು. ಮನೆ ಬಿಟ್ಟಂದೇ ಮರಣವನ್ನು ಒಪ್ಪಿಕೊಂಡ ವೇಷವಿದು. ಆ ಕೋಲೇ ದೈಶಿಯ ಸ್ವರೂಪವೆಂದು ನಂಬಿ, ಸಂಜೆ ತಂಗುವಲ್ಲಿ ತನ್ನ ಕಾಲಿಗಿಂತ ಮೊದಲು ಕೋಲಿನ ತುದಿಯನ್ನು ತೊಳೆಯುತ್ತಾನೆ. ತಲೆಯ ಹುಲ್ಲುಟೋಪಿಯ ಮೇಲೆ 'ಜೊತೆಗೆ ನಡೆಯುವವರಿಬ್ಬರು' ಎಂಬ ಅರ್ಥದ ಬರಹವಿರುತ್ತದೆ. ಒಂಟಿಯಾಗಿ ನಡೆಯುವವನ ಟೋಪಿಯ ಮೇಲೂ ಅದೇ. ದಾರಿಯ ಊರವರು ಅನ್ನ, ಹಣ್ಣು, ಹಣ ಕೊಟ್ಟರೆ ಅದನ್ನು ನಿರಾಕರಿಸಬಾರದೆಂಬುದು ಅಲ್ಲಿನ ರೂಢಿ.

ಈ ಪಥದ ಮೊದಲ ಯಾತ್ರಿಕನೆಂದು ಐತಿಹ್ಯವು ಹೇಳುವುದು ಎಮೊನ್ ಸಾಬುರೊ ಎಂಬ ಸಿರಿವಂತನನ್ನು. ಭಿಕ್ಷೆಗೆ ಬಂದ ಸನ್ಯಾಸಿಯನ್ನು ಅವನು ಬೈದು ಅಟ್ಟಿದನು. ಮತ್ತೆ ಬಂದಾಗ ಪೊರಕೆಯಿಂದ ಹೊಡೆದನು. ಭಿಕ್ಷಾಪಾತ್ರೆ ಎಂಟು ಚೂರಾಯಿತು. ಅನಂತರ ಅವನ ಎಂಟು ಮಕ್ಕಳು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಮತ್ಸುಯಾಮಾ ನಗರದ ಬಳಿ ಎಂಟು ಮಣ್ಣಿನ ದಿಬ್ಬಗಳನ್ನು ಆ ಮಕ್ಕಳ ಸಮಾಧಿಗಳೆಂದು ಇಂದಿಗೂ ತೋರಿಸುತ್ತಾರೆ. ಬಂದವನು ದೈಶಿಯೆಂದು ಅರಿತು, ಕ್ಷಮೆ ಬೇಡಲು ಸಾಬುರೊ ಒಬ್ಬನೇ ಹೊರಟನು. ಇಪ್ಪತ್ತು ಸುತ್ತು ನಡೆದರೂ ಗುರು ಸಿಗಲಿಲ್ಲ. ಇಪ್ಪತ್ತೊಂದನೆಯ ಸಲ ಹಿಮ್ಮೊಗವಾಗಿ ಸುತ್ತುತ್ತ, ಹನ್ನೆರಡನೆಯ ದೇವಾಲಯದ ಬೆಟ್ಟದಲ್ಲಿ ಕುಸಿದುಬಿದ್ದಾಗ ದೈಶಿಯು ಎದುರು ನಿಂತನು. ಮುಂದಿನ ಜನ್ಮದಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿ ಒಳಿತು ಮಾಡಬೇಕೆಂದು ಬೇಡಿ ಸಾಬುರೊ ಪ್ರಾಣಬಿಟ್ಟನು. ಅವನ ಕೈಯಲ್ಲಿ ಇರಿಸಿದ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದೇ ಒಂದು ಮಗು ಹುಟ್ಟಿತಂತೆ. ಆ ಕಲ್ಲು ಐವತ್ತೊಂದನೆಯ ದೇವಾಲಯವಾದ ಇಶಿತೆಜಿಯಲ್ಲಿದೆಯೆಂದು ನಂಬಿಕೆ.

ಕಥೆ ಹೃದಯವನ್ನು ಕಲಕುವಂಥದು. ಆದರೆ ಜೈನಸಿದ್ಧಾಂತದ ಒರೆಗೆ ಹಚ್ಚಿದಾಗ ಮೂರು ಕಡೆ ತಡೆಯಬೇಕಾಗುತ್ತದೆ.

ತಂದೆಯ ಪಾಪಕ್ಕೆ ಮಕ್ಕಳು ಸಾಯುವುದಿಲ್ಲ. ಪ್ರತಿಯೊಂದು ಜೀವದ ಆಯುಷ್ಯವೂ ಅದರದೇ ಆಯುಕರ್ಮಕ್ಕೆ ಸೇರಿದ್ದು. ಪಾತ್ರನಿಗೆ ಆಹಾರವನ್ನು ನಿರಾಕರಿಸಿ ಹೊಡೆದ ಅಶುಭವು ಸಾಬುರೊವಿನದು. ಎಂಟು ಎಳೆಯ ಜೀವಗಳದ್ದಲ್ಲ. ಈ ಮಾತು ಬರಿಯ ತರ್ಕವಲ್ಲ. ಮಗು ತೀರಿಕೊಂಡ ಮನೆಯಲ್ಲಿ 'ನಮ್ಮ ಯಾವ ತಪ್ಪಿಗೆ ಹೀಗಾಯಿತು' ಎಂದು ತಾಯಿ ತನ್ನನ್ನೇ ಸುಟ್ಟುಕೊಳ್ಳುವಾಗ, ಬಂಧುಗಳೂ ಅದಕ್ಕೆ ತಲೆಯಾಡಿಸುವಾಗ, ಹತ್ತಿರ ಕುಳಿತು ಹೇಳಬೇಕಾದ ಮಾತಿದು.

ಎರಡನೆಯದಾಗಿ, ನಡೆದವನ ಪುಣ್ಯವು ಸತ್ತವನಿಗೆ ಸಲ್ಲುವುದಿಲ್ಲ. ಅಗಲಿದ ಜೀವವು ವಿಗ್ರಹಗತಿಯಲ್ಲಿ ಹೆಚ್ಚೆಂದರೆ ಮೂರು ಸಮಯ ಅನಾಹಾರಕವಾಗಿದ್ದು ಹೊಸ ಜನ್ಮವನ್ನು ಸೇರಿರುತ್ತದೆ. ಇತ್ತ ಕಳೇಬರವು ಇನ್ನೂ ಮನೆಯಲ್ಲಿರುತ್ತದೆ. ಆದುದರಿಂದ 'ಅವರ ಸದ್ಗತಿಗಾಗಿ' ಎಂಬ ಸಂಕಲ್ಪಕ್ಕೆ ಆಧಾರವಿಲ್ಲ. ನಡಿಗೆಯಿಂದ ಏನಾದರೂ ಆಗುವುದಾದರೆ ಅದು ನಡೆಯುವವನಿಗೆ.

ಮೂರನೆಯದು ಕೊನೆಯ ಬೇಡಿಕೆ. ವ್ರತಿಯಾದವನು ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನಾಗಿರಬೇಕು. ಸಾಬುರೊ ಕೇಳಿದ್ದು ನಿದಾನ. ಒಳಿತು ಮಾಡಲೆಂದೇ ಕೇಳಿದನಲ್ಲ ಎನ್ನಬಹುದು. ಭಗವತೀ ಆರಾಧನೆಯು ಪ್ರಶಸ್ತ ನಿದಾನವೆಂದು ಒಂದನ್ನು ಬೇರೆ ಮಾಡಿ ಹೇಳುತ್ತದೆ, ನಿಜ. ಆದರೆ ಆರಾಧಕನು ಅದನ್ನೂ ಬಿಡಬೇಕಾದವನೇ.

ಹೀಗೆಂದು ಪರದೇಶದವರನ್ನು ಹಗುರಾಗಿ ಕಾಣಲು ಜೈನರಿಗೆ ಅವಕಾಶವಿಲ್ಲ. ಮೋಹದ ಭಾರವನ್ನು ಹೊತ್ತು ನಡೆದ ಮಹಾಪುರುಷನ ಕಥೆ ಹರಿವಂಶಪುರಾಣದಲ್ಲಿಯೇ ಇದೆ. ದ್ವಾರಾವತಿ ಸುಟ್ಟ ಮೇಲೆ ಬಲಭದ್ರನು ಬಾಯಾರಿದ ತಮ್ಮನಿಗೆ ನೀರು ತರಲು ಹೋದನು. ಮರದಡಿ ಮಲಗಿದ್ದ ಕೃಷ್ಣನಿಗೆ ಜರತ್ಕುಮಾರನ ಬಾಣ ತಗುಲಿತು. ನೀರು ತಂದ ಅಣ್ಣನು ತಮ್ಮ ನಿದ್ದೆಯಲ್ಲಿದ್ದಾನೆಂದೇ ತಿಳಿದನು. ಎಬ್ಬಿಸಿದನು, ಬೇಡಿಕೊಂಡನು, ಕೊನೆಗೆ ಹೆಗಲ ಮೇಲೆ ಹೊತ್ತು ಕಾಡು ಕಾಡು ಅಲೆದನು. ಆರು ತಿಂಗಳು! ಅವನ ಹಳೆಯ ಸಾರಥಿಯಾಗಿದ್ದ ಸಿದ್ಧಾರ್ಥನು ದೇವನಾಗಿದ್ದವನು ಬಂದು, ಬಂಡೆಯ ಮೇಲೆ ಕಮಲ ನೆಡುವವನಂತೆ ತೋರಿಕೊಂಡನು. ಕಲ್ಲಿನಲ್ಲಿ ಕಮಲ ಬೆಳೆಯುವುದೇ ಎಂದು ಬಲಭದ್ರನು ಕೇಳಿದನು. ಹೆಣ ಎದ್ದೀತೇ ಎಂದು ದೇವನು ಕೇಳಿದನು. ಬಲಭದ್ರನು ತುಂಗೀಗಿರಿಯಲ್ಲಿ ಸಂಸ್ಕಾರ ಮುಗಿಸಿ ದೀಕ್ಷೆ ಹೊಂದಿದನು. ಪುರಾಣಕಾರನು ಅವನನ್ನು ಹಳಿಯಲಿಲ್ಲ. ಆರು ತಿಂಗಳು ನಡೆಯಗೊಟ್ಟನು, ಅನಂತರ ಎಚ್ಚರಿಸಿದನು.

ಆದ್ದರಿಂದ ನಡೆಯಲೇಬೇಕೆಂಬ ಶ್ರಾವಕನನ್ನು ತಡೆಯುವುದಕ್ಕಿಂತ ಅವನ ಸಂಕಲ್ಪವನ್ನು ತಿದ್ದುವುದು ಮೇಲು. ಹೊರಡುವ ಮುನ್ನ ಎಲ್ಲಿಯವರೆಗೆ, ಎಷ್ಟು ದಿನ ಎಂದು ಗುರುಸಾಕ್ಷಿಯಾಗಿ ಮೇರೆ ಹಾಕಿಕೊಳ್ಳಲಿ. ದಿಗ್ವ್ರತವುಳ್ಳವನಾದರೆ ಕ್ಷೇತ್ರವು ಹಿಂದೆ ಇಟ್ಟ ಮೇರೆಯ ಒಳಗಿದೆಯೇ ಎಂದು ಮೊದಲು ನೋಡಿಕೊಳ್ಳಲಿ. ದುಃಖದಲ್ಲಿ ಮೇರೆ ಮರೆಯುವುದು ಸುಲಭ, ಅದೂ ಅತಿಚಾರಗಳಲ್ಲೊಂದು. ಚಾತುರ್ಮಾಸದ ಹಸಿನೆಲದಲ್ಲಿ ಹೊರಡಬಾರದು. ಹಗಲಿನಲ್ಲಿ ಮಾತ್ರ, ನಾಲ್ಕು ಮೊಳ ನೆಲವನ್ನು ನೋಡುತ್ತ, ತುಳಿದ ದಾರಿಯಲ್ಲಿಯೇ ನಡೆಯಬೇಕು. ಸೋಸಿದ ನೀರು, ಸೂರ್ಯಾಸ್ತಕ್ಕೆ ಮೊದಲೇ ಊಟ. ಉಪವಾಸದ ದಿನ ನಡೆಯದೆ ನಿಲ್ಲುವುದು ಲೇಸು. ಉಪವಾಸ ಮಾಡಿ ಮೂವತ್ತು ಕಿಲೋಮೀಟರು ನಡೆದೆನೆಂಬ ಹೆಮ್ಮೆ ಯಾರಿಗೂ ಬೇಡ. ಮುನಿಗಳಲ್ಲಿಯೂ ಏಕಲವಿಹಾರವನ್ನು ಮೂಲಾಚಾರವು ಎಲ್ಲರಿಗೂ ಒಪ್ಪುವುದಿಲ್ಲ. ಗೃಹಸ್ಥನು ಒಬ್ಬನೇ ನಡೆದರೂ ಪ್ರತಿ ಸಂಜೆ ಮನೆಗೆ ಒಂದು ಮಾತು ತಿಳಿಸಲಿ. ಒಂದು ದುಃಖ ಕಂಡ ಮನೆಗೆ ಇನ್ನೊಂದು ಆತಂಕವೇಕೆ?

ದಾರಿಯಲ್ಲಿ ಏನನ್ನು ನೆನೆಯಬೇಕು? ಶಿಕೊಕುವಿನ ಯಾತ್ರಿಕನ ಟೋಪಿ 'ಇಬ್ಬರು' ಎನ್ನುತ್ತದೆ. ದ್ವಾದಶಾನುಪ್ರೇಕ್ಷೆಯಲ್ಲಿ ಏಕತ್ವಭಾವನೆಯು 'ಒಬ್ಬನೇ' ಎನ್ನುತ್ತದೆ: ಹುಟ್ಟುವಾಗ ಒಬ್ಬನೇ, ಸಾಯುವಾಗ ಒಬ್ಬನೇ, ಫಲ ಉಣ್ಣುವಾಗಲೂ ಒಬ್ಬನೇ. ಮೊದಲ ದಿನಗಳಲ್ಲಿ ಅಗಲಿದವರ ಮುಖವೇ ಕಣ್ಣಮುಂದೆ ನಿಲ್ಲುವುದು ಸಹಜ. ಬಲವಂತದಿಂದ ಅದನ್ನು ಅಟ್ಟಬೇಕಾಗಿಲ್ಲ. ಪಂಚನಮಸ್ಕಾರವನ್ನು ಹೆಜ್ಜೆಗೆ ಹೊಂದಿಸಿ ಜಪಿಸುತ್ತಿದ್ದರೆ ಸಾಕು. ಭಾವಚಿತ್ರವನ್ನು ಒಯ್ದಿದ್ದರೆ ಅದನ್ನು ಬಸದಿಯ ಹೊರಗೆ, ಚೀಲದಲ್ಲಿಯೇ ಇರಿಸಿ ಒಳಗೆ ಹೋಗಬೇಕು.