ಬೀದಿಯಲ್ಲಿ ಸುವಾರ್ತೆ: ಹೇಳುವವರ ಹಕ್ಕು, ಕೇಳುವವರ ಹಕ್ಕು

ಬಸ್ ನಿಲ್ದಾಣದಲ್ಲಿ ಅಪರಿಚಿತರ ಕೈಗೆ ಯೇಸುವಿನ ಕುರಿತ ಕರಪತ್ರ ಕೊಡುವುದು ಅಪರಾಧವೇ? ಅಲ್ಲ. ಹಾಗೆ ಕೊಟ್ಟವರನ್ನು ಸುತ್ತುವರಿದು, ಚೀಲ ಜಾಲಾಡಿ, ಹೊರಗೆ ಬಿಡದೆ ಕೂರಿಸಿಕೊಳ್ಳುವುದು? ಅದು ಅಪರಾಧ. ಈ ಎರಡು ಉತ್ತರಗಳು ಕ್ರೈಸ್ತ ಸಭೆಯ ಯುವಕರಿಗೂ ಗೊತ್ತಿರುವುದಿಲ್ಲ, ಅವರನ್ನು ತಡೆಯಲು ಬರುವವರಿಗೂ ಗೊತ್ತಿರುವುದಿಲ್ಲ. ಎಷ್ಟೋ ಸಲ ಠಾಣೆಯಲ್ಲಿ ಕೂತವರಿಗೂ ಸ್ಪಷ್ಟವಿರುವುದಿಲ್ಲ. ಎರಡು ಮಾತಿನಲ್ಲಿ ಮುಗಿಯಬಹುದಾದದ್ದು ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗುವುದು ಹೀಗೆಯೇ.

ಸಂವಿಧಾನದ 25ನೇ ವಿಧಿ ಎಲ್ಲ ವ್ಯಕ್ತಿಗಳಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳಿಗೆ ಅದು ಒಳಪಟ್ಟಿದೆ. ಪ್ರಚಾರದ ಹಕ್ಕು ಅಲ್ಲಿ ಆಕಸ್ಮಿಕವಾಗಿ ಸೇರಿದ್ದಲ್ಲ. 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಲೋಕನಾಥ ಮಿಶ್ರ ಅದನ್ನು ಬಲವಾಗಿ ವಿರೋಧಿಸಿದರು. ನಂಬಿಕೆಯನ್ನು ಸಾರುವುದು ಕ್ರೈಸ್ತರಿಗೆ ಧರ್ಮದ ಮೂಲಭೂತ ಭಾಗವೆಂದು ಕೆ.ಎಂ. ಮುನ್ಷಿ ಸಮರ್ಥಿಸಿದರು. ಚರ್ಚೆಯ ನಂತರವೇ ಪ್ರಚಾರದ ಹಕ್ಕು ಅಲ್ಲಿ ಉಳಿಯಿತು. ಸಾರುವವರು ಪಾದ್ರಿಯೇ ಆಗಿರಬೇಕೆಂದೂ ಇಲ್ಲ. ಒಬ್ಬ ವ್ಯಕ್ತಿ ತನ್ನಷ್ಟಕ್ಕೆ ಪ್ರಚಾರ ಮಾಡಿದರೂ, ಚರ್ಚಿನ ಪರವಾಗಿ ಮಾಡಿದರೂ ಹಕ್ಕು ಒಂದೇ ಎಂದು ಸುಪ್ರೀಂ ಕೋರ್ಟ್ 1954ರ ರತಿಲಾಲ್ ಗಾಂಧಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ‘ನಿನಗೆ ಲೈಸೆನ್ಸ್ ಕೊಟ್ಟವರಾರು?’ ಎಂಬ ಪ್ರಶ್ನೆಗೆ ಕಾನೂನಿನ ಬೆಂಬಲವಿಲ್ಲ.

ಆದರೆ ಈ ಹಕ್ಕಿಗೆ ಒಂದು ಗೆರೆಯಿದೆ. ಮಧ್ಯಪ್ರದೇಶ ಮತ್ತು ಒಡಿಶಾದ ಮತಾಂತರ ತಡೆ ಕಾಯ್ದೆಗಳನ್ನು ಪ್ರಶ್ನಿಸಿದ್ದ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1977ರಲ್ಲಿ ಅದನ್ನು ಎಳೆಯಿತು: ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವ ಹಕ್ಕಿದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಇಲ್ಲ. ಈ ತೀರ್ಪನ್ನು ಒಪ್ಪದ ಕಾನೂನು ವಿದ್ವಾಂಸರಿದ್ದಾರೆ. ಕೇಳಿದವರು ಮನಸಾರೆ ಒಪ್ಪಿ ಬದಲಾಗುವ ಸ್ವಾತಂತ್ರ್ಯ ಇಲ್ಲಿ ಮಸುಕಾಯಿತು ಎಂದು ನನಗೂ ಅನ್ನಿಸುತ್ತದೆ. ಏನೇ ಆಗಲಿ, ಇವತ್ತಿಗೂ ನ್ಯಾಯಾಲಯಗಳು ನಡೆಯುತ್ತಿರುವುದು ಇದೇ ದಾರಿಯಲ್ಲಿ.

ನಮ್ಮ ರಾಜ್ಯದಲ್ಲಿ ಗಮನವಿಡಬೇಕಾದದ್ದು 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ಹಿಂಪಡೆಯಲು ತೀರ್ಮಾನಿಸಿದ್ದರಿಂದ ಕಾಯ್ದೆ ಹೋಯಿತು ಎಂದು ನಂಬಿದವರು ಬಹಳ. ಸಂಪುಟದ ತೀರ್ಮಾನವೊಂದರಿಂದಲೇ ಕಾಯ್ದೆ ರದ್ದಾಗುವುದಿಲ್ಲ, ಅದಕ್ಕೆ ವಿಧಾನಮಂಡಲದ ಒಪ್ಪಿಗೆ ಬೇಕು. 2025ರಲ್ಲೂ ಇದರಡಿ ಪ್ರಕರಣ ದಾಖಲಾಗಿದೆ.

ಬಲವಂತ, ಒತ್ತಡ, ವಂಚನೆ, ಆಮಿಷ, ಮದುವೆಯ ವಾಗ್ದಾನ ಇವುಗಳ ಮೂಲಕ ಮತಾಂತರಿಸುವುದನ್ನೂ, ಅದಕ್ಕೆ ಯತ್ನಿಸುವುದನ್ನೂ ಕಾಯ್ದೆ ನಿಷೇಧಿಸುತ್ತದೆ. ಶಿಕ್ಷೆ 3ರಿಂದ 5 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಮತಾಂತರಗೊಂಡವರು ಮಹಿಳೆ, ಅಪ್ರಾಪ್ತರು, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಜೈಲು 10 ವರ್ಷದವರೆಗೂ ಹೋಗಬಹುದು. ಇಬ್ಬರನ್ನು ಒಟ್ಟಿಗೆ ಮತಾಂತರಿಸಿದರೂ ಕಾಯ್ದೆಯ ಕಣ್ಣಿಗೆ ಅದು ಸಾಮೂಹಿಕ ಮತಾಂತರ. ಅಪರಾಧ ಜಾಮೀನುರಹಿತ. ತಪ್ಪು ಮಾಡಿಲ್ಲವೆಂದು ಸಾಬೀತುಪಡಿಸುವ ಹೊರೆಯೂ ಮತಾಂತರ ಮಾಡಿಸಿದವರ ಮೇಲೆಯೇ.

ಬೀದಿಯಲ್ಲಿ ಮಾತನಾಡುವವರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಆಮಿಷದ ವ್ಯಾಖ್ಯೆಯ ಬಗ್ಗೆ. ಹಣ, ಉಡುಗೊರೆ, ಕೆಲಸ ಮಾತ್ರವಲ್ಲ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯಲ್ಲಿ ಉಚಿತ ಓದು, ಉತ್ತಮ ಜೀವನದ ಭರವಸೆ, ದೇವರ ಮುನಿಸಿನ ಹೆದರಿಕೆಯೂ ಅದರೊಳಗೆ ಬರುತ್ತವೆ. ಒಂದು ಧರ್ಮದ ಆಚರಣೆಯನ್ನು ಇನ್ನೊಂದರ ಎದುರು ಕೀಳಾಗಿ ಚಿತ್ರಿಸುವುದೂ ಸೇರಿದೆ. ಇದು ಅತಿ ವಿಶಾಲವಾದ ಬಲೆ, ನಂಬಿಕೆಯ ಮಾತಿನ ಬಹುಭಾಗವನ್ನು ಅಪರಾಧದ ಅನುಮಾನಕ್ಕೆ ಒಡ್ಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೂ ಕಾಯ್ದೆ ಇರುವ ತನಕ ಮಾತಿನ ಅಂತರ ತಿಳಿದಿರಲೇಬೇಕು. ಆಸ್ಪತ್ರೆ ಎದುರಿನ ಚಹಾದಂಗಡಿಯಲ್ಲಿ ಕೂತ ತಾಯಿಯೊಬ್ಬಳಿಗೆ ‘ನಿಮ್ಮ ಮಗನಿಗಾಗಿ ಪ್ರಾರ್ಥನೆ ಮಾಡಲೇ ಅಮ್ಮಾ?’ ಎಂದು ಕೇಳುವುದು ಒಂದು. ‘ಮನೆಯ ದೇವರ ಫೋಟೊ ತೆಗೆದುಹಾಕಿ, ನಮ್ಮ ಸಭೆಗೆ ಬನ್ನಿ, ಆಪರೇಷನ್ ಖರ್ಚು ನಾವು ಕೊಡುತ್ತೇವೆ’ ಎನ್ನುವುದು ಇನ್ನೊಂದು. ಮೊದಲನೆಯದು ಆಕೆಯ ಅನುಮತಿ ಕೇಳುತ್ತದೆ. ಎರಡನೆಯದು ಆಕೆಯ ಸಂಕಟಕ್ಕೆ ಬೆಲೆ ಕಟ್ಟುತ್ತದೆ. ‘ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ, ನಂಬಿಕೆ ಸಾಕು’ ಎಂದು ಯಾರೂ ಯಾರಿಗೂ ಹೇಳಬಾರದು. ಅಲ್ಲಿ ಪ್ರಾಣದ ಪ್ರಶ್ನೆ ಇದೆ.

ಬಾಗಲಕೋಟೆ ಜಿಲ್ಲೆಯ ಜಮಖಂಡಿಯ ಒಂದು ಪ್ರಕರಣ ಇಲ್ಲಿ ಬಹಳ ಉಪಯುಕ್ತ. ದೇವಸ್ಥಾನದ ಬಳಿ ಇಸ್ಲಾಂ ಕುರಿತ ಕರಪತ್ರ ಹಂಚಿದರೆಂದು ಕೆಲವರ ಮೇಲೆ ದೂರು ದಾಖಲಾಯಿತು. ಯಾರನ್ನೂ ಮತಾಂತರಿಸಿದ ಅಥವಾ ಮತಾಂತರಿಸಲು ಯತ್ನಿಸಿದ ಅಂಶವೇ ಇಲ್ಲ, ದೂರು ಕೊಟ್ಟವರೂ ಕಾಯ್ದೆ ಹೇಳುವ ವರ್ಗಕ್ಕೆ ಸೇರಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ಎಫ್‌ಐಆರ್ ರದ್ದುಪಡಿಸಿತು. ಕಾಯ್ದೆಯ 4ನೇ ಕಲಂ ಪ್ರಕಾರ ದೂರು ಕೊಡಬಲ್ಲವರು ಮತಾಂತರಗೊಂಡ ವ್ಯಕ್ತಿ, ಅವರ ತಂದೆತಾಯಿ, ಒಡಹುಟ್ಟಿದವರು, ರಕ್ತಸಂಬಂಧ, ಮದುವೆ ಅಥವಾ ದತ್ತಕದ ನಂಟಿರುವವರು, ಸಹವರ್ತಿಗಳು, ಸಹೋದ್ಯೋಗಿಗಳು. ದಾರಿಹೋಕರಲ್ಲ. ಹಂಚಿದ್ದು ಇಸ್ಲಾಮಿನ ಕರಪತ್ರವಾದರೂ ಕ್ರೈಸ್ತರ ಕರಪತ್ರಕ್ಕೂ ಅಳತೆಗೋಲು ಇದೇ.

ಕರಪತ್ರ ಓದಿದ ಒಬ್ಬರು ಮುಂದೆ ದೀಕ್ಷಾಸ್ನಾನಕ್ಕೆ ಸಿದ್ಧರಾದರೆ ಆಗ ಬೇರೆ ಕ್ರಮ ಶುರುವಾಗುತ್ತದೆ. ಮತಾಂತರಗೊಳ್ಳುವವರೂ ಅದನ್ನು ನೆರವೇರಿಸುವ ಪಾಸ್ಟರೂ 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ನಿಗದಿತ ನಮೂನೆಯಲ್ಲಿ ಘೋಷಣೆ ಕೊಡಬೇಕು. ಆದ ಮೇಲೆ 30 ದಿನದೊಳಗೆ ಇನ್ನೊಂದು ಘೋಷಣೆ. ಮಾತನಾಡಲು, ಕೇಳಲು, ಬೈಬಲ್ ಕೊಡಲು ಈ ನಮೂನೆಗಳು ಬೇಡ.

ಜಾಗ ಮತ್ತು ಸದ್ದಿನ ವಿಷಯ ಸರಳ. ಬಾಯಿಮಾತಿಗೆ ಪರವಾನಗಿ ಬೇಡ, ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಅದನ್ನು ಹಾಕುವಂತಿಲ್ಲ. ಪ್ರಾರ್ಥನೆಯ ಹೆಸರಿನಲ್ಲಿ ನೆರೆಯವರ ನೆಮ್ಮದಿ ಕೆಡಿಸಲಾಗದು ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದ್ದು ಚೆನ್ನೈನ ಒಂದು ಚರ್ಚಿನ ಪ್ರಕರಣದಲ್ಲಿಯೇ. ಗುಂಪುಗೂಡದಂತೆ ನಿಷೇಧಾಜ್ಞೆ ಇದ್ದ ದಿನ ಹೋಗಬೇಡಿ.

ಕೇಳುವವರ ಹಕ್ಕೂ ಅಷ್ಟೇ ಗಟ್ಟಿ. ಆತ್ಮಸಾಕ್ಷಿಯ ಸ್ವಾತಂತ್ರ್ಯ ಅವರದೂ ಹೌದು. ‘ಬೇಡ’ ಎಂದರೆ ಅಲ್ಲಿಗೆ ಮುಗಿಯಬೇಕು. ಮನೆ ಬಾಗಿಲಲ್ಲಿ ಹೋಗಿ ಎಂದ ಮೇಲೂ ಕಾಂಪೌಂಡಿನೊಳಗೆ ನಿಂತು ಕಿರುಕುಳ ಕೊಟ್ಟರೆ ಅತಿಕ್ರಮ ಪ್ರವೇಶದ ಆರೋಪ ಬರಬಹುದು. ತಂದೆತಾಯಿ ಜೊತೆಗಿಲ್ಲದ ಮಕ್ಕಳನ್ನು ನಿಲ್ಲಿಸಿ ಧರ್ಮದ ಮಾತಾಡಬೇಡಿ. ಇನ್ನೊಬ್ಬರ ದೇವರನ್ನು ಬೇಕೆಂದೇ ಹೀಯಾಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 299 ಮತ್ತು 302ನೇ ಕಲಂಗಳು ಇವೆ. ಆದರೆ ಒಪ್ಪಿಗೆಯಾಗದ ಮಾತು ಕಿವಿಗೆ ಬಿತ್ತು ಎನ್ನುವುದಷ್ಟೇ ಅಪರಾಧವಲ್ಲ.

ವಿದೇಶದಲ್ಲಿ ನೆಲೆಸಿದ ಕನ್ನಡಿಗರು ರಜೆಗೆ ಬಂದಾಗ ಊರ ಸಭೆಯವರ ಜೊತೆ ಕರಪತ್ರ ಹಂಚಲು ಹೊರಡುವುದುಂಟು. ಒಸಿಐ (ಸಾಗರೋತ್ತರ ಭಾರತೀಯ ಪೌರತ್ವ) ಕಾರ್ಡ್ ಇರುವವರು ಮಿಷನರಿ ಚಟುವಟಿಕೆಗೆ ವಿಶೇಷ ಅನುಮತಿ ಪಡೆಯಬೇಕೆಂದು 2021ರ ಕೇಂದ್ರ ಅಧಿಸೂಚನೆ ಹೇಳುತ್ತದೆ. ಪ್ರವಾಸಿ ವೀಸಾದಲ್ಲಿ ಬಂದವರು ಪ್ರಚಾರಕ್ಕೆ ಇಳಿಯಲೇಬಾರದು.

ಗುಂಪು ಸೇರಿ ತಡೆದರೆ? ವಾದಕ್ಕೆ ಇಳಿಯಬೇಡಿ, 112ಕ್ಕೆ ಕರೆ ಮಾಡಿ. ಖಾಸಗಿ ವ್ಯಕ್ತಿ ಇನ್ನೊಬ್ಬರನ್ನು ಹಿಡಿಯಬಹುದಾದದ್ದು ಕಣ್ಣೆದುರೇ ಗಂಭೀರ, ಜಾಮೀನುರಹಿತ ಅಪರಾಧ ನಡೆದಾಗ ಅಥವಾ ಘೋಷಿತ ಅಪರಾಧಿ ಸಿಕ್ಕಾಗ ಮಾತ್ರ. ಆಗಲೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕರಪತ್ರ ಹಂಚುವುದು ಅಂಥ ಅಪರಾಧವಲ್ಲ. ದಾರಿಗೆ ಅಡ್ಡ ನಿಲ್ಲುವುದು, ಕೂಡಿಹಾಕುವುದು, ಹೊಡೆಯುವುದು, ಬೆದರಿಸುವುದು ಒಂದೊಂದೂ ಪ್ರತ್ಯೇಕ ಅಪರಾಧ. ಪೆಟ್ಟಾಗಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯದ ದಾಖಲೆ ಮಾಡಿಸಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ನೇ ಕಲಂ ಪ್ರಕಾರ ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ.

ಪೊಲೀಸರು ನಿಮ್ಮನ್ನೇ ಕರೆದೊಯ್ದರೆ ಬಂಧನವೋ ವಿಚಾರಣೆಯೋ ಎಂದು ವಿನಯದಿಂದ ಕೇಳಿ. ಏಳು ವರ್ಷದವರೆಗಿನ ಶಿಕ್ಷೆಯ ಆರೋಪಗಳಲ್ಲಿ ಬಂಧನದ ಅಗತ್ಯವಿಲ್ಲದಿದ್ದರೆ ಅದೇ ಸಂಹಿತೆಯ 35ನೇ ಕಲಂ ಪ್ರಕಾರ ನೋಟಿಸ್ ಕೊಟ್ಟು ಕರೆಸುವುದೇ ಕ್ರಮ. ಬಂಧಿಸಿದರೆ ಕಾರಣವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು, ಮನೆಯವರಿಗೆ ತಿಳಿಸಬೇಕು, ವಕೀಲರ ಭೇಟಿಗೆ ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಓದದ ಕಾಗದಕ್ಕೆ ಸಹಿ ಹಾಕಬೇಡಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವ ಯಾರಿಗೇ ಆದರೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಪ್ರತಿ ಜಿಲ್ಲಾ ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಸಹಾಯವಾಣಿ 15100.