ಮುಟ್ಟು ನಿಲ್ಲುವ ಪ್ರಾಯದ ಸ್ತ್ರೀಯರಿಗೆ ದಾದಿಯು ಕಲಿಸತಕ್ಕದ್ದು

ನಮ್ಮ ಹಳ್ಳಿಗಳಲ್ಲಿ ಬಸುರಿಯನ್ನು ವಿಚಾರಿಸುವವರುಂಟು, ಬಾಣಂತಿಯನ್ನು ವಿಚಾರಿಸುವವರುಂಟು. ಹೆರುವ ಕಾಲವು ತೀರಿದವಳನ್ನು ವಿಚಾರಿಸುವವರು ಅಪರೂಪ. ಆಕೆಯೂ ಬಾಯಿ ತೆರೆಯುವದಿಲ್ಲ. ಮೈ ಉರಿದರೂ ರಕ್ತ ಹೋದರೂ ಸೊಂಟ ನೊಂದರೂ "ಪ್ರಾಯ ಆಯಿತಲ್ಲಾ" ಎಂಬ ಒಂದೇ ಮಾತಿನಿಂದ ಎಲ್ಲವನ್ನೂ ಮುಚ್ಚಿಬಿಡುವಳು. ಈ ಮಾತಿನೊಳಗೆ ಸಹಜವಾದದ್ದೂ ರೋಗವೂ ಕಲಸಿಹೋಗಿರುವದರಿಂದ, ಅವೆರಡನ್ನು ಬೇರ್ಪಡಿಸಿ ತಿಳಿಸುವದು ದಾದಿಯ ಮುಖ್ಯವಾದ ಕೆಲಸವಾಗಿದೆ.

ಸಹಜವಾದದ್ದು ಯಾವದಂದರೆ: ಸಾಧಾರಣವಾಗಿ 45ರಿಂದ 55 ವರುಷಗಳೊಳಗೆ ಮುಟ್ಟು ನಿಲ್ಲುವದು. ಹನ್ನೆರಡು ತಿಂಗಳು ಎಡೆಬಿಡದೆ ಕಾಣದೆ ಹೋದರೆ ನಿಂತಿತೆಂದು ತಿಳಿಯಬೇಕು. ಅಂಡಾಶಯಗಳಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ರಸವು ಕಡಿಮೆಯಾಗುವದರಿಂದ ಮುಖಕ್ಕೆ ಬಿಸಿಯೇರುವದು, ರಾತ್ರಿ ಬೆವರುವದು, ನಿದ್ರೆ ಕೆಡುವದು, ಸುಮ್ಮನೆ ಸಿಟ್ಟು ಬರುವದು. ಇದನ್ನು ದೆವ್ವದ ಕಾಟವೆಂದಾಗಲಿ ಸೊಸೆಯ ಮೇಲಿನ ಹಟವೆಂದಾಗಲಿ ಎಣಿಸಬಾರದು. ಆ ರಸವು ಕುಂದಿದ ಮೇಲೆ ಎಲುಬು ಬೇಗ ಸವೆಯುವದು. ಹೃದಯರೋಗದ ಅಪಾಯವೂ ಹೆಚ್ಚುವದು. ಆದಕಾರಣ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಅಳೆಯಿಸಿಕೊಳ್ಳಬೇಕು. ಉಪ್ಪು ದಿನಕ್ಕೆ 5 ಗ್ರಾಮಿಗೆ ಕಡಿಮೆಯಿರಬೇಕು. ರಾಗಿಯಲ್ಲಿ ಎಲುಬಿಗೆ ಬೇಕಾದ ಸುಣ್ಣದಂಶ ಬಹಳವಾಗಿ ಉಂಟು.

ಸಹಜವಲ್ಲದ್ದನ್ನು ಈಗ ಗಮನವಿಟ್ಟು ಓದಿರಿ. ಮುಟ್ಟು ನಿಂತು ವರುಷವಾದ ಮೇಲೆ ಒಂದು ಚುಕ್ಕೆ ರಕ್ತ ಕಂಡರೂ ಅದು ಸಹಜವಲ್ಲ. ಸಂಸರ್ಗದ ನಂತರ ರಕ್ತ ಬರುವದೂ, ದುರ್ವಾಸನೆಯ ಬಿಳಿ ಸೆರಗೂ, ಸ್ತನದಲ್ಲಿ ನೋವಿಲ್ಲದ ಗಂಟೂ ಹಾಗೆಯೇ. ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ವೈದ್ಯರು ನೋಡದೆ ಅದನ್ನು ನಿಶ್ಚಯಿಸಲು ಯಾರಿಂದಲೂ ಆಗದು; ಮೊದಲೇ ಗೊತ್ತಾದ ಕ್ಯಾನ್ಸರು ಅನೇಕ ಸಾರಿ ಪೂರ್ಣವಾಗಿ ವಾಸಿಯಾಗುವದು.

ಗರ್ಭಕೋಶದ ಬಾಯಿಯ ಕ್ಯಾನ್ಸರನ್ನು ಲಕ್ಷಣ ತೋರುವದಕ್ಕೆ ಮುಂಚೆಯೇ ಹುಡುಕುವ ಪರೀಕ್ಷೆಯೂ ಉಂಟು. 2016ರಲ್ಲಿ ಸರಕಾರವು ಹೊರಡಿಸಿದ ಕ್ರಮದ ಪ್ರಕಾರ 30 ವರುಷ ದಾಟಿದ ಸ್ತ್ರೀಯರಿಗೆ ಐದು ವರುಷಕ್ಕೊಮ್ಮೆ ಇದನ್ನು ಮಾಡತಕ್ಕದ್ದು. ವಿನಿಗರಿಗೆ ಹುಳಿಯನ್ನು ಕೊಡುವ ಅಸಿಟಿಕ್ ಆಮ್ಲವನ್ನು ತೆಳ್ಳಗೆ ಮಾಡಿ ಹಚ್ಚಿ, ಒಂದು ನಿಮಿಷ ಕಾದು ನೋಡುವರು. ಕೆಟ್ಟ ಭಾಗವಿದ್ದರೆ ಬೆಳ್ಳಗಾಗುವದು. ಬೆಳ್ಳಗಾದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ, ಮುಂದಿನ ಪರೀಕ್ಷೆ ಬೇಕೆಂದರ್ಥ. ಮುಟ್ಟು ನಿಂತ ಮೇಲೆ ನೋಡಬೇಕಾದ ಭಾಗವು ಒಳಕ್ಕೆ ಸರಿಯುವದರಿಂದ ಇದು ಸರಿಯಾಗಿ ತೋರದೆ ಹೋಗಬಹುದು. ಆಗ ಎಚ್‌ಪಿವಿ ಎಂಬ ವೈರಸ್ಸನ್ನು ಹುಡುಕುವ ಪರೀಕ್ಷೆಯು ಉತ್ತಮ. ಆದುದರಿಂದ "ಮುಟ್ಟು ನಿಲ್ಲಲಿ, ಆಮೇಲೆ ನೋಡೋಣ" ಎಂಬ ಮಾತು ಕೆಲಸಕ್ಕೆ ಬಾರದು.

ಮೌನವು ಒಂದು ತಪ್ಪಾದರೆ ಅವಸರವು ಇನ್ನೊಂದು. ಬಿಳಿ ಸೆರಗೆಂದು ಹೋದವಳಿಗೆ "ಗರ್ಭಕೋಶ ತೆಗೆಸಿಬಿಡು, ಕ್ಯಾನ್ಸರ್ ಭಯವಿರದು" ಎಂದು ಹೇಳಿ ಸಾಲ ಮಾಡಿಸುವವರಿದ್ದಾರೆ. ಅಂಡಾಶಯಗಳನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಲದ ಬಾಧೆಗಳೆಲ್ಲಾ ಒಂದೇ ಸಾರಿ ಮೇಲೆ ಬೀಳುವವು. ಅನಗತ್ಯವಾದ ಇಂಥ ಶಸ್ತ್ರಚಿಕಿತ್ಸೆಯನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಅಂಗೀಕರಿಸಬೇಕೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ಆಜ್ಞಾಪಿಸಿತು. ಇನ್ನೊಬ್ಬ ವೈದ್ಯರನ್ನು ಕೇಳುವದು ಅವಮರ್ಯಾದೆಯಲ್ಲ.

ಹೀಗೆ ಕಲಿಸತಕ್ಕ ದಾದಿಯು ಎಲ್ಲಿರುವಳು? ವೇಲೂರಿನಲ್ಲಿ ಐಡಾ ಸ್ಕಡರಮ್ಮನವರು 1909ರಲ್ಲಿ ದಾದಿಯರ ಶಾಲೆಯನ್ನು ಆರಂಭಿಸಿದರು. 1946ರಲ್ಲಿ ಅಲ್ಲಿ ಪದವಿಯ ಶಿಕ್ಷಣವೂ ಮೊದಲಾಯಿತು. ಆ ದಿನಗಳಲ್ಲಿ ಹಳ್ಳಿಯವಳು ದಾದಿಯನ್ನು ಹುಡುಕಿಕೊಂಡು ಪಟ್ಟಣಕ್ಕೆ ಹೋಗಬೇಕಿತ್ತು. 2018ರ ಯೋಜನೆಯಿಂದೀಚೆಗೆ ದಾದಿಯ ಶಿಕ್ಷಣ ಹೊಂದಿದ ಸಮುದಾಯ ಆರೋಗ್ಯ ಅಧಿಕಾರಿಗಳು ಉಪಕೇಂದ್ರಗಳಿಗೇ ಬಂದಿರುತ್ತಾರೆ. ನಿಮ್ಮ ಸ್ತ್ರೀಯರ ಕೂಟಕ್ಕೆ ಅವರನ್ನು ಕರೆಯಿರಿ. ಆ ಹೊತ್ತು ಗಂಡಸರು ಹೊರಗಿರುವದು ಲೇಸು.

ಕಲಿಸುವ ಕ್ರಮವನ್ನೂ ಹೇಳಬೇಕು. ದಾದಿಯು ಉಪನ್ಯಾಸ ಮಾಡಿ ಎದ್ದುಹೋದರೆ ಸಾಲದು. ಕೇಳಿದವಳ ಬಾಯಿಂದಲೇ ಅದನ್ನು ತಿರುಗಿ ಹೇಳಿಸಬೇಕು. "ಅಮ್ಮಾ, ಮುಟ್ಟು ನಿಂತು ಎರಡು ವರುಷವಾದ ಮೇಲೆ ರಕ್ತ ಕಂಡರೆ ಏನು ಮಾಡುವಿರಿ?" "ಇನ್ನೊಂದು ತಿಂಗಳು ನೋಡುವೆನು" ಎಂದು ಉತ್ತರ ಬಂದರೆ, ಕೋಪಿಸದೆ ಮೊದಲಿನಿಂದ ಹೇಳಬೇಕು. "ಈ ವಾರವೇ ಆಸ್ಪತ್ರೆಗೆ ಹೋಗುವೆನು" ಎಂದು ಅವಳು ಹೇಳುವ ವರೆಗೆ ಪಾಠವನ್ನು ಬಿಡಬಾರದು.