ಹೊಲದಿಂದ ಹಿಟ್ಟಿನ ಗಿರಣಿಗೆ: ಕೀನ್ಯಾದ ಮೆಕ್ಕೆಜೋಳದ ಪಾಠ



ಬೇಡಿಕೆ–ಪೂರೈಕೆಯ ಪಾಠ ಮಾಡುವಾಗ ಪ್ರತಿ ವರ್ಷ ನನಗೆ ಒಂದು ಪ್ರಶ್ನೆ ಎದುರಾಗುತ್ತದೆ: "ಸರ್, ಸುಗ್ಗಿಯಲ್ಲಿ ಬೆಲೆ ಇಳಿಯುತ್ತದೆಂದು ಗೊತ್ತಿದ್ದೂ ರೈತ ಆಗಲೇ ಏಕೆ ಮಾರುತ್ತಾನೆ?" ಕೀನ್ಯಾದ ಸಣ್ಣ ರೈತರ ಮೆಕ್ಕೆಜೋಳವನ್ನು ನೋಡಿದರೆ ಉತ್ತರ ಸಿಗುತ್ತದೆ.

ನಮ್ಮಲ್ಲಿ ಮೆಕ್ಕೆಜೋಳದ ದೊಡ್ಡ ಪಾಲು ಕೋಳಿ ಆಹಾರಕ್ಕೆ ಹೋಗುತ್ತದೆ. ಕೀನ್ಯಾದಲ್ಲಿ ಅದು ದಿನನಿತ್ಯದ ಊಟ. ಅದರ ಹಿಟ್ಟಿನಿಂದ ಮುದ್ದೆಯಂತಹ 'ಉಗಾಲಿ' ಮಾಡುತ್ತಾರೆ. ಟ್ರಾನ್ಸ್ ನ್ಜೋಯಾ, ಉವಾಸಿನ್ ಗಿಶು ಕೌಂಟಿಗಳು ದೇಶದ ಕಣಜ. ಅಲ್ಲಿ ಮಾರ್ಚ್–ಏಪ್ರಿಲ್‌ನಲ್ಲಿ ಬಿತ್ತನೆ, ಅಕ್ಟೋಬರ್‌ನಿಂದ ಕೊಯ್ಲು.

ಒಣಗಿಸುವುದು: ದಾಸ್ತಾನಿಗೆ ಕಾಳಿನ ತೇವಾಂಶ ಶೇ 13.5 ಮೀರಬಾರದು. ಶೇ 18 ತೇವಾಂಶವಿರುವ 90 ಕೆ.ಜಿ. ಚೀಲ ಅಷ್ಟು ಒಣಗಿದರೆ ಸುಮಾರು 85 ಕೆ.ಜಿ. ಉಳಿಯುತ್ತದೆ. ಒಣಗಿಸಿದ್ದಕ್ಕೆ ಹೆಚ್ಚಿನ ಬೆಲೆ ಸಿಗದಿದ್ದರೆ ರೈತನಿಗೆ ನಷ್ಟವೇ. ಒಣಗಿಸದೆ ಇಟ್ಟರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು. 2004ರಲ್ಲಿ ಪೂರ್ವ ಕೀನ್ಯಾದಲ್ಲಿ ಇಂಥ ಕಾಳು ತಿಂದು 125 ಜನ ಸತ್ತರು.

ಮಾರಾಟ: ನಾಲ್ಕೈದು ಚೀಲಕ್ಕಾಗಿ ಲಾರಿ ಬಾಡಿಗೆ ಕೊಡಲು ಸಣ್ಣ ರೈತನಿಗೆ ಆಗದು. ಹಳ್ಳಿಯ ವ್ಯಾಪಾರಿ ಮನೆಬಾಗಿಲಲ್ಲೇ ಕೊಂಡು, ಚೀಲ ಚೀಲ ಕೂಡಿಸಿ ಪೇಟೆಯ ದೊಡ್ಡ ವ್ಯಾಪಾರಿಗೆ ಕೊಡುತ್ತಾನೆ. ಅಲ್ಲಿಂದ ಲಾರಿಯಲ್ಲಿ ನೈರೋಬಿಯಂತಹ ನಗರಗಳ ಗಿರಣಿಗೆ. ಸಾಗಣೆ, ಹಮಾಲಿ, ಕೌಂಟಿಯ ಸುಂಕ, ಕೆಟ್ಟ ಕಾಳಿನ ನಷ್ಟ ಎಲ್ಲವೂ ಬೆಲೆಗೆ ಸೇರುತ್ತವೆ. ಆದ್ದರಿಂದ ಮಧ್ಯವರ್ತಿಯ ಪಾಲೆಲ್ಲ ಲಾಭವೆಂದು ತಿಳಿಯಬೇಡಿ.

ಕಾಯಲಾಗದ ಕಾರಣ: ಕೀನ್ಯಾದಲ್ಲಿ ಶಾಲಾ ವರ್ಷ ಜನವರಿಯಲ್ಲಿ ಆರಂಭ. ಕೊಯ್ಲು ಮುಗಿಯುತ್ತಲೇ ಮಕ್ಕಳ ಫೀಸು ಕಟ್ಟಬೇಕು, ಸಾಲ ತೀರಿಸಬೇಕು. ಮನೆಯಲ್ಲಿಟ್ಟರೆ ನುಸಿಯ ಕಾಟ. ಎಲ್ಲರೂ ಒಟ್ಟಿಗೆ ಮಾರಿದಾಗ ಬೆಲೆ ಕುಸಿಯುತ್ತದೆ. ಮಾರಿದ ಕುಟುಂಬಗಳಲ್ಲಿ ಹಲವು ಕೆಲವು ತಿಂಗಳ ನಂತರ ಅದೇ ಕಾಳನ್ನು ಹೆಚ್ಚಿನ ಬೆಲೆಗೆ ಕೊಳ್ಳುತ್ತವೆ. ರೈತನಿಗೆ ಕೊರತೆಯಿರುವುದು ತಿಳಿವಳಿಕೆಯದ್ದಲ್ಲ, ಕಾಯುವ ಶಕ್ತಿಯದ್ದು.

ಪರಿಹಾರ: ಗಾಳಿಯಾಡದ ಚೀಲದಲ್ಲಿ ಒಣ ಕಾಳು ತುಂಬಿದರೆ ಆಮ್ಲಜನಕವಿಲ್ಲದೆ ಹುಳು ಸಾಯುತ್ತವೆ. 2019ರಲ್ಲಿ ಕೀನ್ಯಾ ಗೋದಾಮು ರಸೀದಿ ಕಾಯ್ದೆ ತಂದಿತು. ಪರವಾನಗಿ ಪಡೆದ ಗೋದಾಮಿನಲ್ಲಿ ಕಾಳಿಟ್ಟು, ರಸೀದಿಯ ಆಧಾರದ ಮೇಲೆ ಸಾಲ ಪಡೆಯಬಹುದು. ಫೀಸೂ ಕಟ್ಟಿದಂತಾಯಿತು, ಕಾಳೂ ಉಳಿಯಿತು.

ಅಭ್ಯಾಸ: ಸುಗ್ಗಿಯಲ್ಲಿ ಪೂರೈಕೆ ರೇಖೆ ಯಾವ ಕಡೆಗೆ ಸರಿಯುತ್ತದೆ? ಗೋದಾಮಿನ ಸೌಲಭ್ಯ ಬಂದರೆ ಆ ರೇಖೆ ಏನಾಗುತ್ತದೆ? ಚಿತ್ರ ಬರೆದು ವಿವರಿಸಿ.